ಒಂದು ಪದದ ಬೇರು ಹುಡುಕುವುದು ಹೇಗೆ? ಬೆಣ್ಣೆಯಿಂದಲೇ ಶುರು ಮಾಡಿ

ನಮ್ಮ ಅಕ್ಕನ ಮಗಳು ಇಲ್ಲೇ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಾಳೆ. ಮುಗಿದ ಮೇಲೆ ಜರ್ಮನಿಗೆ ಹೋಗಬೇಕು ಅಂತ ಸಂಜೆ ಹೊತ್ತು ಜರ್ಮನ್ ಕಲಿಯುತ್ತಿದ್ದಾಳೆ. ಒಂದು ಭಾನುವಾರ ಪಿ.ಬಿ. ರಸ್ತೆಯಲ್ಲಿ ದೋಸೆ ತಿನ್ನಲು ಹೋಗಿದ್ದೆವು. ಹೋಟೆಲಿನ ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಬಟರ್ ದೋಸೆ’ (Butter Dose) ಅಂತ ಬರೆದಿತ್ತು. ಅವಳು ಅದನ್ನೇ ನೋಡುತ್ತಾ, “ಮಾಮ, ಜರ್ಮನ್‌ನವರು ಇದನ್ನ ಓದಿದ್ರೆ ಬೆಣ್ಣೆ ಡಬ್ಬಿ ಅನ್ಕೋತಾರೆ” ಅಂದಳು.

ನಿಜ. ಅದೇ ಅಕ್ಷರಗಳನ್ನು ಜರ್ಮನ್‌ನಲ್ಲಿ ‘ಬುಟರ್‌ಡೋಝೆ’ ಅಂತ ಓದುತ್ತಾರೆ. ಊಟದ ಮೇಜಿನ ಮೇಲೆ ಬೆಣ್ಣೆ ಇಡುವ ಮುಚ್ಚಳದ ಡಬ್ಬಿಗೆ ಆ ಹೆಸರು. ದೋಸೆ ಬರುವಷ್ಟರಲ್ಲಿ ಅವಳು ಮೂರು ಪ್ರಶ್ನೆ ಕೇಳಿದಳು. ಬಟರ್ ಅನ್ನೋ ಪದ ಜರ್ಮನ್‌ಗೆ ಹೇಗೆ ಬಂತು? ಯುರೋಪಿನಲ್ಲಿ ಎಲ್ಲರೂ ಹೀಗೇ ಅಂತಾರಾ? ನಮ್ಮ ಬೆಣ್ಣೆಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ? ಮನೆಗೆ ಬಂದು ಇಬ್ಬರೂ ಕೂತು ಹುಡುಕಿದೆವು. ಹೀಗೆ ಹುಡುಕುವುದು ಯಾರು ಬೇಕಾದರೂ ಕಲಿಯಬಹುದು. ಭಾಷಾಶಾಸ್ತ್ರ ಓದಿರಬೇಕಿಲ್ಲ, ಯುರೋಪಿನ ಒಂದು ಭಾಷೆಯೂ ಬರಬೇಕಿಲ್ಲ. ಮಾಡಿದ ರೀತಿಯನ್ನೇ ಬರೆಯುತ್ತಿದ್ದೇನೆ, ನೀವು ಬೇರೆ ಪದ ಹಿಡಿದು ಮಾಡಿ.

ಪದ ಆರಿಸುವಾಗ ಕೈಯಲ್ಲಿ ಮುಟ್ಟಬಹುದಾದ ವಸ್ತುವಿನ ಹೆಸರನ್ನೇ ತೆಗೆದುಕೊಳ್ಳಿ. ಬೆಣ್ಣೆ, ಎಣ್ಣೆ, ಮೆಣಸು, ಉಪ್ಪು, ಹತ್ತಿ. ‘ಪ್ರೀತಿ’, ‘ಧೈರ್ಯ’ ಥರದ ಪದದಿಂದ ಶುರು ಮಾಡಿದರೆ ಒಂದು ಭಾಷೆಯ ಅರ್ಥ ಎಲ್ಲಿ ಮುಗಿಯಿತು, ಇನ್ನೊಂದರದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದೇ ಇಲ್ಲ. ಬೆಣ್ಣೆ ಹಾಗಲ್ಲ. ಕಣ್ಣ ಮುಂದೆ ಇರುತ್ತದೆ. ಇದೇ ವಸ್ತುವಿಗೆ ಅವರು ಏನಂತಾರೆ, ಆ ಹೆಸರಿನಿಂದ ಇನ್ನೇನನ್ನು ಕರೀತಾರೆ ಅಂತ ನೇರವಾಗಿ ಕೇಳಬಹುದು.

ಒಂದು ಲಾಂಗ್ ಬುಕ್ ತೆಗೆದುಕೊಂಡು ಎರಡು ಪುಟವನ್ನೂ ಬಿಡಿಸಿ ನಾಲ್ಕು ಕಂಬ ಎಳೆಯಿರಿ. ಮೊದಲನೆಯದು ಭಾಷೆ, ಎರಡನೆಯದು ಇವತ್ತಿನ ಪದ, ಮೂರನೆಯದು ಆ ಪದಕ್ಕಿರುವ ಬೇರೆ ಅರ್ಥ, ನಾಲ್ಕನೆಯದು ಅದು ಬಂದ ದಾರಿ. ಮೂರು ಮತ್ತು ನಾಲ್ಕನ್ನು ದಯವಿಟ್ಟು ಒಂದೇ ಕಂಬಕ್ಕೆ ಸೇರಿಸಬೇಡಿ. ಅರ್ಥ ಒಂದೇ ಇದ್ದು ಬೇರು ಬೇರೆ ಇರಬಹುದು, ಬೇರು ಒಂದೇ ಇದ್ದು ಅರ್ಥ ಎಲ್ಲೋ ಹೋಗಿರಬಹುದು. ಜನ ಎಡವುವುದು ಜಾಸ್ತಿ ಇಲ್ಲೇ.

ಎರಡನೇ ಕಂಬ ತುಂಬಲು ಸುಲಭ ದಾರಿ ವಿಕಿಪೀಡಿಯ. ಇಂಗ್ಲಿಷಿನಲ್ಲಿ ಬಟರ್ ಪುಟ ತೆರೆದು ಅಲ್ಲಿ ಸಿಗುವ ಭಾಷೆಗಳ ಪಟ್ಟಿ ನೋಡಿ, ಒಂದೊಂದು ಭಾಷೆಯ ಪುಟದ ತಲೆಬರಹವೇ ನಿಮಗೆ ಬೇಕಾದ ಪದ. ಇಪ್ಪತ್ತು ನಿಮಿಷದಲ್ಲಿ ಹದಿನೈದು ಪದ ಸಿಗುತ್ತವೆ. ಆದರೆ ಸಿಕ್ಕಸಿಕ್ಕ ಭಾಷೆ ಬರೆಯಬೇಡಿ, ಕುಟುಂಬ ನೋಡಿ ಆರಿಸಿ. ಲ್ಯಾಟಿನ್‌ನ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್ ಇರಲಿ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಒಂದು ಗುಂಪು. ರಷ್ಯನ್, ಪೋಲಿಷ್ ಒಂದು. ಐರಿಷ್, ವೆಲ್ಶ್ ಇನ್ನೊಂದು. ಗ್ರೀಕ್ ಬೇಕೇ ಬೇಕು. ಫಿನ್ನಿಷ್ ಮತ್ತು ಹಂಗೇರಿಯನ್ ಕೂಡ ಬರೆಯಿರಿ, ಅವು ಯುರೋಪಿನಲ್ಲಿದ್ದರೂ ಮೇಲಿನ ಯಾವ ಭಾಷೆಗೂ ನೆಂಟರಲ್ಲ, ಬೇರೆಯೇ ಮನೆತನ.

ಬರೆದು ಮುಗಿಸಿದ ಮೇಲೆ ಒಂದೇ ಥರ ಕೇಳಿಸುವವನ್ನು ಒಂದೇ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಿ. ನಮಗೆ ಸಿಕ್ಕಿದ್ದು ಹೀಗೆ. ಇಂಗ್ಲಿಷಿನ ಬಟರ್, ಜರ್ಮನ್‌ನ ಬುಟರ್, ಡಚ್‌ನ ಬೋಟರ್, ಫ್ರೆಂಚ್‌ನ ಬೆರ್, ಇಟಾಲಿಯನ್‌ನ ಬುರ್ರೋ ಒಂದು ಗುಂಪು. ಸ್ವೀಡಿಷ್‌ನ ಸ್ಮೊರ್, ಅದರ ಪಕ್ಕದ ಡ್ಯಾನಿಷ್ ಮತ್ತು ನಾರ್ವೇಜಿಯನ್‌ನಲ್ಲೂ ಅದೇ. ರಷ್ಯನ್‌ನ ಮಾಸ್ಲೊ, ಪೋಲಿಷ್‌ನ ಮಾಸ್ವೊ. ಸ್ಪ್ಯಾನಿಷ್‌ನ ಮಾಂತೆಕೀಯ, ಪೋರ್ಚುಗೀಸ್‌ನ ಮಾಂತೇಗ. ರೊಮೇನಿಯನ್‌ನ ಉಂಟ್ ಒಂಟಿ. ಐರಿಷ್‌ನ ಇಮ್, ವೆಲ್ಶ್‌ನ ಅಮೆನಿನ್. ಫಿನ್ನಿಷ್‌ನ ವೊಯಿ, ಹಂಗೇರಿಯನ್‌ನ ವೊಯ್. ಒಂದೇ ವಸ್ತು, ಇಷ್ಟು ಹೆಸರು! ಗುಂಪುಗಳು ಭಾಷಾ ಕುಟುಂಬಕ್ಕೆ ಸರಿಯಾಗಿ ಹೊಂದುವುದಿಲ್ಲ ಅನ್ನೋದನ್ನು ಗಮನಿಸಿ. ಸ್ವೀಡಿಷ್ ಜರ್ಮನ್‌ನ ನೆಂಟ, ಆದರೂ ಬುಟರ್ ಅನ್ನುವುದಿಲ್ಲ. ಸ್ಪ್ಯಾನಿಷ್ ಇಟಾಲಿಯನ್‌ನ ಒಡಹುಟ್ಟು, ಆದರೂ ಬುರ್ರೋ ಅನ್ನುವುದಿಲ್ಲ. ಹೀಗೆ ಹೊಂದದ ಜಾಗದಲ್ಲೇ ಅಗೆಯಬೇಕು. ಯಾರೋ ಎರವಲು ತಂದಿದ್ದಾರೆ, ಇಲ್ಲವೇ ಯಾರೋ ಹಳೆಯದನ್ನು ಬಿಟ್ಟಿದ್ದಾರೆ ಅಂತ ಅರ್ಥ.

ಈಗ ಮೂರನೇ ಕಂಬ. ಇದನ್ನು ಇಂಗ್ಲಿಷ್ ಮೂಲಕ ತುಂಬಬೇಡಿ, ಆಯಾ ಭಾಷೆಯಿಂದ ತಿರುಗಿ ಬನ್ನಿ. ಅಂದರೆ ಮಾಸ್ಲೊ ಸಿಕ್ಕಿದ ಮೇಲೆ, ರಷ್ಯನ್ ನಿಘಂಟಿನಲ್ಲಿ ಮಾಸ್ಲೊ ಅಂದರೆ ಏನೇನು ಅಂತ ನೋಡಿ. ಆಗ ಗೊತ್ತಾಗುತ್ತದೆ, ಅದು ಬೆಣ್ಣೆಯೂ ಹೌದು, ಎಣ್ಣೆಯೂ ಹೌದು. ಸೂರ್ಯಕಾಂತಿ ಎಣ್ಣೆಗೂ ಮಾಸ್ಲೊ. ಬೆಣ್ಣೆಯನ್ನೇ ಬಿಡಿಸಿ ಹೇಳಬೇಕಾದರೆ ‘ಕೆನೆಯ ಮಾಸ್ಲೊ’ ಅನ್ನುತ್ತಾರೆ. ಪಕ್ಕದ ಪೋಲಿಷ್‌ನಲ್ಲಿ ಅದೇ ಪದ ಬೆಣ್ಣೆಗಷ್ಟೇ ನಿಂತಿದೆ, ಅಡುಗೆ ಎಣ್ಣೆಗೆ ಓಲೆಯ್ ಅಂತ ಬೇರೆ ಪದ ಇದೆ. ಸ್ಪ್ಯಾನಿಷ್‌ನಲ್ಲಿ ಇನ್ನೂ ಹುಷಾರಾಗಿರಬೇಕು. ಮಾಂತೆಕೀಯ ಅಂದರೆ ಬೆಣ್ಣೆ, ಸರಿ. ಅದರ ತಾಯಿ ಪದ ಮಾಂತೇಕಾ ಅಂದರೆ ಸ್ಪೇನ್‌ನಲ್ಲಿ ಸಾಮಾನ್ಯವಾಗಿ ಹಂದಿ ಕೊಬ್ಬು. ಅದೇ ಪದ ಅರ್ಜೆಂಟೀನಾದಲ್ಲಿ ಬೆಣ್ಣೆ! ನಮ್ಮ ಕಡೆಯ ಸಸ್ಯಾಹಾರಿ ಮನೆಯವರು ಯಾರಾದರೂ ಸ್ಪೇನ್‌ಗೆ ಹೊರಟಿದ್ದರೆ ಈ ಒಂದು ಸಾಲನ್ನು ಬರೆದುಕೊಂಡೇ ಹೋಗಲಿ. ಇನ್ನು ರೋಮ್‌ನಲ್ಲಿ ಬುರ್ರೋ ಕೇಳಿದರೆ ಬೆಣ್ಣೆ ಕೊಡುತ್ತಾರೆ, ಮ್ಯಾಡ್ರಿಡ್‌ನಲ್ಲಿ ಬುರ್ರೋ ಅಂದರೆ ಕತ್ತೆ. ಎರಡೂ ಲ್ಯಾಟಿನ್‌ನಿಂದಲೇ ಬಂದವು, ಆದರೆ ಬೇರೆ ಬೇರೆ ಪದದಿಂದ. ಕತ್ತೆಯ ಪದ ಹುಟ್ಟಿದ್ದು ಸಣ್ಣ ಕುದುರೆಗೆ ಅನ್ನುತ್ತಿದ್ದ ‘ಬುರ್ರಿಕುಸ್’ನಿಂದ.

ನಾಲ್ಕನೇ ಕಂಬಕ್ಕೆ ಬರೋಣ. ಬಟರ್ ಗುಂಪಿನ ಎಲ್ಲ ಸಾಲುಗಳೂ ಲ್ಯಾಟಿನ್‌ನ ‘ಬುತೀರುಮ್’ಗೆ ಹೋಗಿ ಸೇರುತ್ತವೆ. ಲ್ಯಾಟಿನ್ ಅದನ್ನು ಗ್ರೀಕ್‌ನ ‘ಬೂತುರೊನ್’ನಿಂದ ತಂದಿತ್ತು. ಗ್ರೀಕ್‌ನಲ್ಲಿ ಬಿಡಿಸಿದರೆ ‘ಬೂಸ್’ ಅಂದರೆ ದನ, ‘ತುರೋಸ್’ ಅಂದರೆ ಚೀಸ್. ದನದ ಚೀಸ್! ಬೆಣ್ಣೆಗೆ ಸರಿಯಾದ ಹೆಸರೇ ಅಲ್ಲ ಅಲ್ವಾ? ಆದರೆ ಗ್ರೀಕರ ಕಡೆಯಿಂದ ನೋಡಿ. ಅವರ ಅಡುಗೆಯಲ್ಲಿ ಇದ್ದದ್ದು ಆಲಿವ್ ಎಣ್ಣೆ, ಸಾಕಿದ್ದು ಜಾಸ್ತಿ ಆಡು ಕುರಿ, ಹಾಲಿನಿಂದ ಮಾಡಿ ಗೊತ್ತಿದ್ದದ್ದು ಚೀಸ್. ಬೆಣ್ಣೆ ಅವರಿಗೆ ಪರದೇಶದವರ ತಿಂಡಿ. ಉತ್ತರದ ಥ್ರೇಸಿನ ಜನರನ್ನು ‘ಬೆಣ್ಣೆ ತಿನ್ನೋರು’ ಅಂತಲೇ ಒಬ್ಬ ಗ್ರೀಕ್ ನಾಟಕಕಾರ ಕರೆದಿದ್ದಾನೆ. 1ನೇ ಶತಮಾನದಲ್ಲಿ ರೋಮ್‌ನ ಪ್ಲಿನಿ, ಬೆಣ್ಣೆ ಅನಾಗರಿಕ ಜನರ ಬಹಳ ಮೆಚ್ಚಿನ ಊಟ, ಅವರಲ್ಲಿ ಶ್ರೀಮಂತ ಯಾರು ಬಡವ ಯಾರು ಅಂತ ತೋರಿಸುವುದೇ ಅದು ಅಂತ ಬರೆದ. ನಮ್ಮೂರಿನಲ್ಲಿ ಕಾವಲಿ ಮೇಲೆ ಕೈತುಂಬ ಬೆಣ್ಣೆ ಹಾಕುವುದನ್ನು ನೋಡಿದ್ದರೆ ಪ್ಲಿನಿ ಏನು ಬರೆಯುತ್ತಿದ್ದನೋ.

ಆ ‘ಬೂಸ್’ ಪದದ ಹತ್ತಿರ ಸ್ವಲ್ಪ ನಿಲ್ಲಿ. ಗ್ರೀಕ್‌ನ ಬೂಸ್, ಇಂಗ್ಲಿಷಿನ ಕೌ, ಸಂಸ್ಕೃತದ ಗೋ, ಮೂರೂ ಒಂದೇ ಬೇರಿನವು. ಅಂದರೆ ಬಟರ್ ಪದದ ಮೊದಲ ಅಕ್ಷರದಲ್ಲಿ ಕೂತಿರುವುದು ನಮಗೆ ಗೊತ್ತಿರುವ ಗೋವೇ. ಇದನ್ನು ಹೇಳಿದಾಗ ನಮ್ಮ ಹುಡುಗಿ ಪುಸ್ತಕ ಕೆಳಗಿಟ್ಟು ಒಂದು ನಿಮಿಷ ಸುಮ್ನೆ ಕೂತಿದ್ದಳು.

ಇಲ್ಲಿ ಒಂದು ಅನುಮಾನ ಬರಬೇಕು. ಜರ್ಮನ್‌ನವರ ಹತ್ತಿರ ಬುಟರ್ ಮೊದಲಿನಿಂದಲೂ ಇತ್ತೋ, ಆಮೇಲೆ ಎರವಲು ಬಂತೋ? ಇದನ್ನು ಪತ್ತೆ ಮಾಡುವ ಉಪಾಯ ಕನ್ನಡದಲ್ಲೇ ಇದೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ ಪೆನ್ನು ಹೆನ್ನು ಆಗಲಿಲ್ಲ, ಪೊಲೀಸ್ ಹೊಲೀಸ್ ಆಗಲಿಲ್ಲ. ಯಾಕೆ? ಪಕಾರ ಹಕಾರ ಆಗುವ ಕಾಲ ಮುಗಿದ ಮೇಲೆ ಅವು ನಮ್ಮ ಮನೆಗೆ ಬಂದವು. ಜರ್ಮನ್‌ನಲ್ಲೂ ಇಂಥದ್ದೇ ಒಂದು ಕಾಲ ಇತ್ತು, ಸುಮಾರು 6ರಿಂದ 8ನೇ ಶತಮಾನ. ಆಗ ಪದದ ನಡುವಿನ ಟಕಾರ ಸಕಾರ ಆಯಿತು. ಇಂಗ್ಲಿಷಿನಲ್ಲಿ ವಾಟರ್, ಜರ್ಮನ್‌ನಲ್ಲಿ ವಾಸರ್. ಇಂಗ್ಲಿಷಿನಲ್ಲಿ ಬೆಟರ್, ಜರ್ಮನ್‌ನಲ್ಲಿ ಬೆಸರ್. ಈಟ್ ಅಂದರೆ ಎಸೆನ್. ಹಾಗಾದರೆ ಬಟರ್ ‘ಬುಸರ್’ ಆಗಬೇಕಿತ್ತಲ್ಲ? ಆಗಲಿಲ್ಲ, ಬುಟರ್ ಆಗಿಯೇ ಇದೆ. ಅಂದರೆ ಅದು ಜರ್ಮನ್‌ನ ಪೆನ್ನು, ತಡವಾಗಿ ಬಂದದ್ದು.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಮೆಣಸು ಜರ್ಮನ್‌ಗೆ ಬೇಗ ಬಂದಿತ್ತು, ಹಾಗಾಗಿ ಪೆಪ್ಪರ್ ಅಲ್ಲಿ ‘ಪ್ಫೆಫರ್’ ಆಗಿ ಬದಲಾಯಿತು. ಆ ಪೆಪ್ಪರ್ ಕೂಡ ಗ್ರೀಕ್, ಲ್ಯಾಟಿನ್ ದಾಟಿ ಹೋದದ್ದು ನಮ್ಮ ದೇಶದ ‘ಪಿಪ್ಪಲಿ’ಯಿಂದ. ಪಿಪ್ಪಲಿ ಕನ್ನಡದಲ್ಲಿ ಹಿಪ್ಪಲಿ ಆಯಿತು, ಶುಂಠಿ ಹಿಪ್ಪಲಿ ಕಷಾಯದ ಹಿಪ್ಪಲಿ. ಒಂದೇ ಪಕಾರ, ನಮ್ಮಲ್ಲಿ ಹಕಾರ ಆಗಿದೆ, ಅಲ್ಲಿ ಫಕಾರ ಆಗಿದೆ. ನನಗೆ ಇಡೀ ಹುಡುಕಾಟದಲ್ಲಿ ಬಹಳ ಇಷ್ಟವಾದ ಜಾಗ ಇದು.

ಒಂದೇ ಒಂದು ಜೋಡಿ ಹೊಂದಿತು ಅಂತ ನೆಂಟಸ್ತನ ಹೇಳಬೇಡಿ, ಸಾಲು ಹೊಂದಬೇಕು. ವಾಟರ್-ವಾಸರ್, ಬೆಟರ್-ಬೆಸರ್ ಅಂತ ಸಾಲಾಗಿ ಸಿಕ್ಕರೆ ಮಾತ್ರ ಅದು ನಿಯಮ. ಕಿವಿಗೆ ಒಂದೇ ಥರ ಕೇಳಿಸಿದ್ದನ್ನು ನಂಬಿದರೆ ಏನಾಗುತ್ತದೆ ಅನ್ನೋದಕ್ಕೆ ಹೋಟೆಲಿನ ಬೋರ್ಡೇ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ದೋಸೆಯನ್ನೂ ಆಸ್ಪತ್ರೆಯ ಡೋಸನ್ನೂ ಒಂದೇ ರೀತಿ ಬರೆಯುತ್ತೇವೆ. ಆಸ್ಪತ್ರೆಯ ಡೋಸ್ ಗ್ರೀಕ್‌ನ ‘ದೋಸಿಸ್’ನಿಂದ ಬಂದದ್ದು, ಅದರ ಅರ್ಥ ‘ಕೊಡುವುದು’. ಅದೇ ಬೇರು ಸಂಸ್ಕೃತದಲ್ಲಿ ‘ದಾ’, ಅದರಿಂದ ದಾನ. ಹಾಗಾಗಿ ಡೋಸ್‌ಗೆ ನಿಜವಾದ ನೆಂಟ ದೋಸೆ ಅಲ್ಲ, ದಾನ. ಕಣ್ಣಿಗೆ ಒಂದೇ ಥರ ಇದ್ದದ್ದು ಯಾರೋ, ಕಾಣದೇ ಇದ್ದದ್ದು ಸ್ವಂತ ಬಳಗ. ಜರ್ಮನ್‌ನಲ್ಲಿ ಔಷಧದ ಪ್ರಮಾಣಕ್ಕೆ ಡೋಸಿಸ್, ಡಬ್ಬಿಗೆ ಡೋಝೆ. ನರ್ಸಿಂಗ್ ಓದುವವರು ಇವೆರಡನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಲೇಬೇಕು. ಜೊತೆಗೆ ‘ಗಿಫ್ಟ್’ ಕೂಡ. ಇಂಗ್ಲಿಷಿನಲ್ಲಿ ಉಡುಗೊರೆ, ಜರ್ಮನ್‌ನಲ್ಲಿ ವಿಷ. ಬೇರು ಎರಡಕ್ಕೂ ಒಂದೇ, ‘ಕೊಡು’ ಅನ್ನೋದು. ಹಳೆಯ ಅರ್ಥ ಜರ್ಮನ್‌ನ ‘ಮಿಟ್‌ಗಿಫ್ಟ್’ ಪದದಲ್ಲಿ ಉಳಿದಿದೆ, ಅಂದರೆ ವರದಕ್ಷಿಣೆ.

ಬಟರ್ ಅನ್ನದ ಭಾಷೆಗಳ ಕಥೆ ಇನ್ನೂ ಚೆನ್ನಾಗಿದೆ. ಸ್ವೀಡಿಷ್‌ನ ಸ್ಮೊರ್ ಇಂಗ್ಲಿಷಿನ ‘ಸ್ಮಿಯರ್’ಗೆ ಒಡಹುಟ್ಟು, ಸವರುವುದು ಅಂತ. ರಷ್ಯನ್‌ನ ಮಾಸ್ಲೊ ಹುಟ್ಟಿದ್ದು ‘ಮಾಜತ್ಯ್’ ಅನ್ನೋ ಕ್ರಿಯಾಪದದಿಂದ, ಅದರ ಅರ್ಥವೂ ಸವರುವುದು. ರೊಮೇನಿಯನ್‌ನ ಉಂಟ್ ಲ್ಯಾಟಿನ್‌ನ ‘ಉಂಕ್ತುಮ್’ನಿಂದ, ಹಚ್ಚಿದ್ದು, ಲೇಪಿಸಿದ್ದು ಅಂತ. ಐರಿಷ್‌ನ ಇಮ್ ಕೂಡ ಅದೇ ಬೇರಿಗೆ ಸೇರುತ್ತದೆ. ಆ ಬೇರು ಸಂಸ್ಕೃತದಲ್ಲಿ ‘ಅಂಜ್’, ಅದರಿಂದಲೇ ಕಣ್ಣಿಗೆ ಹಚ್ಚುವ ಅಂಜನ. ಒಬ್ಬರನ್ನೊಬ್ಬರು ನೋಡದ ಜನ ಬೇರೆ ಬೇರೆ ಪದ ತೆಗೆದುಕೊಂಡು ಒಂದೇ ಯೋಚನೆ ಮಾಡಿದ್ದಾರೆ, ಇದು ಸವರುವ ವಸ್ತು ಅಂತ. ಬೇರು ಸೇರದೇ ಇದ್ದರೂ ಹೆಸರಿಡುವ ಬಗೆ ಸೇರಿದರೆ ಅದನ್ನೂ ನಾಲ್ಕನೇ ಕಂಬದಲ್ಲಿ ಬರೆಯಿರಿ. ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಬೇರಿನಷ್ಟೇ ಬೆಲೆ ಇದಕ್ಕೂ ಇದೆ ಅಂತ ನನ್ನ ಅಭಿಪ್ರಾಯ.

ಕೂಡುಪದಗಳನ್ನೂ ಒಮ್ಮೆ ನೋಡಿ, ಹಳೆಯ ಸಂಗತಿಗಳು ಅಲ್ಲೇ ಅಡಗಿರುತ್ತವೆ. ಜರ್ಮನ್‌ನ ‘ಬುಟರ್‌ಬ್ರೋಟ್’ ಅಂದರೆ ಬೆಣ್ಣೆ ಹಚ್ಚಿದ ಬ್ರೆಡ್ಡು. ರಷ್ಯನ್‌ನವರು ಬೆಣ್ಣೆಗೆ ತಮ್ಮ ಮಾಸ್ಲೊ ಇಟ್ಟುಕೊಂಡು ಈ ಪದವನ್ನು ಮಾತ್ರ ‘ಬುಟರ್‌ಬ್ರೋಡ್’ ಅಂತ ಎತ್ತಿಕೊಂಡರು, ಈಗ ಬೆಣ್ಣೆಯೇ ಇಲ್ಲದೆ ಬ್ರೆಡ್ಡಿನ ಮೇಲೆ ಬೇರೇನಿಟ್ಟರೂ ಅದು ಬುಟರ್‌ಬ್ರೋಡ್. ಡಚ್ಚರು ಕಡಲೆಕಾಯಿ ಬೆಣ್ಣೆಗೆ ‘ಪಿಂಡಾಕಾಸ್’ ಅನ್ನುತ್ತಾರೆ, ಅಂದರೆ ಕಡಲೆಕಾಯಿ ಚೀಸ್. ಹಾಲಿನ ಬೆಣ್ಣೆಯಲ್ಲದ್ದನ್ನು ಬೋಟರ್ ಅಂತ ಮಾರಲು ಅಲ್ಲಿ ಕಾನೂನು ಬಿಡುತ್ತಿರಲಿಲ್ಲ. ಗ್ರೀಕರು ಬೆಣ್ಣೆಗೆ ದನದ ಚೀಸ್ ಅಂದರು, ಡಚ್ಚರು ಬೆಣ್ಣೆ ಅನ್ನಲಾಗದ್ದಕ್ಕೆ ಚೀಸ್ ಅಂದರು.

ನುಡಿಗಟ್ಟು ಸಿಕ್ಕರೆ ಪುಟದ ಅಂಚಿನಲ್ಲಿ ಬರೆದಿಡಿ, ಆದರೆ ಬೇರಿನ ಸಾಕ್ಷಿಯಾಗಿ ಬಳಸಬೇಡಿ. ಫ್ರೆಂಚ್ ಮಕ್ಕಳು ಆಟದಲ್ಲಿ ಸೇರಿಸಿಕೊಂಡೂ ಲೆಕ್ಕಕ್ಕೆ ಹಿಡಿಯದ ಚಿಕ್ಕ ಮಗುವಿಗೆ ‘ಬೆಣ್ಣೆಯ ಲೆಕ್ಕ’ ಅನ್ನುತ್ತಾರೆ. ನಮ್ಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅನ್ನೋ ಮಾತು ನಮ್ಮಲ್ಲೂ ಇದೆ, ಟರ್ಕಿಷ್‌ನಲ್ಲೂ ಹಾಗೇ ಇದೆ.

ಇಷ್ಟಾದ ಮೇಲೆ ಪರೀಕ್ಷೆ. ಒಂದೇ ಕಡೆ ಓದಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಎರಡನೇ ನಿಘಂಟು ಒಪ್ಪಿದರೆ ಮಾತ್ರ ಪೆನ್ನಿನಲ್ಲಿ. ವಿಕಿಪೀಡಿಯದ ಥರದ್ದೇ ನೆಟ್ ನಿಘಂಟು ವಿಕ್ಷನರಿ ಶುರು ಮಾಡಲು ಒಳ್ಳೆಯದು, ಅಲ್ಲಿಗೇ ನಿಲ್ಲಬೇಡಿ. ಜರ್ಮನ್‌ಗೆ ಡಿಡಬ್ಲ್ಯುಡಿಎಸ್ (DWDS) ಅನ್ನೋ ನಿಘಂಟು, ಸ್ಪ್ಯಾನಿಷ್‌ಗೆ ಅವರ ರಾಯಲ್ ಅಕಾಡೆಮಿಯ ನಿಘಂಟು, ಸ್ವೀಡಿಷ್‌ಗೆ ಸ್ವೀಡಿಷ್ ಅಕಾಡೆಮಿಯ ದೊಡ್ಡ ನಿಘಂಟು, ಎಲ್ಲವೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಭಾಷೆ ಬರದಿದ್ದರೆ ಮೊಬೈಲ್‌ನಲ್ಲಿ ಅನುವಾದ ಮಾಡಿಕೊಂಡು ಓದಿ, ಮೂಲದ ಭಾಗ ಎರಡು ಮೂರು ಸಾಲು ಇರುತ್ತದೆ ಅಷ್ಟೇ. ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇದೆ. ತಮಿಳು, ತೆಲುಗು, ತುಳು ಎಲ್ಲ ಒಟ್ಟಿಗೆ ಬೇಕಾದರೆ ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ನಿಘಂಟು, 1984ರ ಎರಡನೇ ಆವೃತ್ತಿ.

ಕೊನೆಯ ಸಾಲಿನಲ್ಲಿ ನಿಮ್ಮ ಪದ ಬರೆಯಿರಿ. ಇದನ್ನು ಬಿಡಬೇಡಿ, ನಾವಂತೂ ಬೆಣ್ಣೆಯನ್ನು ಬಿಡಿಸುವಾಗಲೇ ಬಹಳ ಹೊತ್ತು ಕೂತದ್ದು. ಬೆಣ್ಣೆ ಅಂದರೆ ‘ಬೆಳ್’ ಮತ್ತು ‘ನೆಯ್’. ಬೆಳ್ ಅಂದರೆ ಬಿಳಿ. ಬೆಳ್ಳಿ, ಬೆಳ್ಳುಳ್ಳಿ, ಬೆಳದಿಂಗಳು ಎಲ್ಲದರಲ್ಲೂ ಇರುವುದು ಅದೇ. ನೆಯ್ ಅಂದರೆ ತುಪ್ಪ, ಜಿಡ್ಡು. ತಮಿಳಿನಲ್ಲಿ ಇವತ್ತಿಗೂ ತುಪ್ಪಕ್ಕೆ ನೆಯ್, ತೆಲುಗಿನಲ್ಲಿ ನೆಯ್ಯಿ. ತಮಿಳಿನವರು ಬೆಣ್ಣೆಗೆ ವೆಣ್ಣೆಯ್ ಅನ್ನುತ್ತಾರೆ. ಅಲ್ಲಿಯ ವಕಾರ ನಮ್ಮಲ್ಲಿ ಬಕಾರ, ವಾಯ್-ಬಾಯಿ, ವೇರ್-ಬೇರು ಅಂತ ಸಾಲಾಗಿ ಹೊಂದುತ್ತದೆ. ಹಾಗಾಗಿ ಇದನ್ನು ನಂಬಬಹುದು. ಬಟರ್ ಮತ್ತು ಬೆಣ್ಣೆ ಎರಡೂ ಬಕಾರದಿಂದ ಶುರುವಾಗುತ್ತವೆ, ಅಷ್ಟು ಬಿಟ್ಟರೆ ಏನೂ ಸಂಬಂಧ ಇಲ್ಲ. ಗ್ರೀಕರು ಗೊತ್ತಿದ್ದ ಚೀಸ್‌ನಿಂದ ಹೆಸರು ಕಟ್ಟಿದರು, ಉತ್ತರದವರು ಸವರುವ ಕೆಲಸದಿಂದ, ನಾವು ಬಣ್ಣದಿಂದ.

ಅದೇ ‘ನೆಯ್’ ಎಣ್ಣೆಯಲ್ಲೂ ಇದೆ. ಎಳ್ಳು ಸೇರಿ ಎಳ್+ನೆಯ್, ಎಣ್ಣೆ. ಅಂದರೆ ಎಣ್ಣೆ ಅಂದರೆ ಮೊದಲು ಎಳ್ಳೆಣ್ಣೆಯೇ. ಈಗ ಕಡಲೆಕಾಯಿಯದ್ದಕ್ಕೂ ಎಣ್ಣೆ, ಸೀಮೆಎಣ್ಣೆಗೂ ಎಣ್ಣೆ. ಇಂಗ್ಲಿಷಿನ ಆಯಿಲ್ ಕೂಡ ಹಾಗೇ ಬೆಳೆದದ್ದು, ಗ್ರೀಕ್‌ನಲ್ಲಿ ಅದು ಆಲಿವ್ ಎಣ್ಣೆಯ ಹೆಸರು.

ನಮ್ಮ ಹುಡುಗಿ ಮುಂದಿನ ಹಾಳೆಗೆ ಎಣ್ಣೆಯನ್ನೇ ತೆಗೆದುಕೊಂಡಿದ್ದಾಳೆ. ನೀವೂ ಅದನ್ನೇ ಹಿಡಿಯುವುದಾದರೆ ಸ್ಪ್ಯಾನಿಷ್‌ನಿಂದ ಶುರು ಮಾಡಿ. ಅಲ್ಲಿ ಎಣ್ಣೆಗೆ ಅಸೇಯ್ತೆ ಅನ್ನುತ್ತಾರೆ, ಅದು ಲ್ಯಾಟಿನ್‌ನದ್ದಲ್ಲ, ಅರಬ್ಬಿ ಪದ, 711ರಿಂದ ಅಲ್ಲಿ ಅರಬ್ಬರ ಆಳ್ವಿಕೆ ಇದ್ದದ್ದರ ಗುರುತು. ಪೋರ್ಚುಗೀಸ್‌ಗೆ ಮಾತ್ರ ಎರಡು ಸಾಲು ಬಿಡಿ. ಅದೇ ಅರಬ್ಬಿ ಪದ ಅಲ್ಲಿ ಅಝೇಯ್ತೆ ಆಗಿ ಆಲಿವ್ ಎಣ್ಣೆಗಷ್ಟೇ ನಿಂತಿದೆ, ಉಳಿದ ಎಣ್ಣೆಗೆಲ್ಲ ಓಲಿಯು.